ಚೆನ್ನೆಮಣೆಯಲ್ಲಿ 14 ಟ್ಯಾಂಕ್

ಜುಲೈ ಮಧ್ಯದಲ್ಲಿ ಶುರು ಮಾಡಿದ ಕೆಲಸ ಇದು. ಮಂಗಳೂರು ಬಿಜೈಯ ನಮ್ಮ ಮನೆಯಲ್ಲಿ ತುಳುವರ ಆಟಿ ತಿಂಗಳು ಬಂತೆಂದರೆ ಸಂಜೆ ಆರರ ಮೇಲೆ ಹೊರಗೆ ಕಾಲಿಡಲು ಯಾರಿಗೂ ಮನಸ್ಸಿಲ್ಲ. ಮಳೆ ನಿಲ್ಲುವುದಿಲ್ಲ, ಕರೆಂಟ್ ನಿಲ್ಲುತ್ತದೆ. ಅಕ್ಕನ ಮಗ ಕಾಲೇಜಿಗೆ ರಜೆ ಸಿಕ್ಕಿದಾಗೆಲ್ಲ ಬಂದು ಕೂರುತ್ತಾನೆ. ಇಬ್ಬರಿಗೂ ಟ್ಯಾಂಕಿನ ಹುಚ್ಚು. ಮೇಜಿನ ಮೇಲೆ ಸಣ್ಣ ಸಣ್ಣ ಟ್ಯಾಂಕ್ ಇಟ್ಟು, ದಾಳ ಎಸೆದು, ಹಳೆಯ ಕಾಳಗಗಳನ್ನು ಆಡುವುದು ನಮ್ಮ ಚಟ.

ತೊಂದರೆ ಏನೆಂದರೆ, ಪೇಟೆಯಲ್ಲಿ ಸಿಗುವ ಆಟಗಳ ನಿಯಮ ಪುಸ್ತಕದಲ್ಲಿ ಜರ್ಮನಿಯ ಟೈಗರ್, ರಷ್ಯದ ಟಿ-34, ಅಮೆರಿಕದ ಶರ್ಮನ್ ಎಲ್ಲ ಉಂಟು. ನಮಗೆ ಬೇಕಾದದ್ದು ಗರೀಬ್‌ಪುರ. 1971ರ ನವೆಂಬರ್ 20–21, ಇನ್ನೂ ಯುದ್ಧ ಘೋಷಣೆಯೇ ಆಗಿರಲಿಲ್ಲ. ಈಗಿನ ಬಾಂಗ್ಲಾದೇಶದ ಜೆಸ್ಸೋರ್ ಕಡೆ, ಗಡಿ ದಾಟಿದರೆ ಹತ್ತಿರದಲ್ಲೇ ಇರುವ ಹಳ್ಳಿ. ನಮ್ಮ 14 ಪಂಜಾಬ್ ಪದಾತಿ ದಳದ ಜೊತೆ 45 ಕ್ಯಾವಲ್ರಿ ಎಂಬ ಟ್ಯಾಂಕ್ ದಳದ ಒಂದು ಸ್ಕ್ವಾಡ್ರನ್, ಅಂದರೆ 14 ಪಿಟಿ-76 ಟ್ಯಾಂಕುಗಳು. ಎದುರಿಗೆ ಪಾಕಿಸ್ತಾನದ ಎಂ-24 ಚಾಫೀ ಸ್ಕ್ವಾಡ್ರನ್. ಬೆಳಗಿನ ದಟ್ಟ ಮಂಜಿನಲ್ಲಿ ಕಾಳಗ ನಡೆಯಿತು. ಚಾಫೀಗಳಲ್ಲಿ ಹೆಚ್ಚಿನವು ಅಲ್ಲೇ ಉಳಿದವು. ನಮ್ಮ ಕಡೆ ಹೋದ ಟ್ಯಾಂಕುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ಅಡುಗೆಮನೆಯ ಮೇಜಿಗೆ ಹೇಳಿ ಮಾಡಿಸಿದ ಕಾಳಗ. 1965ರ ಅಸಲ್ ಉತ್ತರ್ ಕಾಳಗ ಆಡಬೇಕೆಂದರೆ ಮದುವೆ ಹಾಲ್ ಬೇಕು, ಅಷ್ಟು ಟ್ಯಾಂಕ್. ಇದು ಸಣ್ಣದು. ಆದರೆ ಈ ಎರಡು ಟ್ಯಾಂಕುಗಳ ಅಂಕಿ ಪಟ್ಟಿ ನಮ್ಮ ಹತ್ತಿರ ಇದ್ದ ಯಾವ ಪುಸ್ತಕದಲ್ಲೂ ಜೋಡಿಯಾಗಿ ಇರಲಿಲ್ಲ. ಸರಿ, ನಾವೇ ಮಾಡುವ ಎಂದು ಕೂತೆವು.

ಮೊದಲು ಮಾದರಿಗಳು. ಪರಿಚಯದ ಹುಡುಗನೊಬ್ಬ ತ್ರೀಡಿ ಪ್ರಿಂಟರ್‌ನಲ್ಲಿ ನೂರನೇ ಒಂದು ಅಳತೆಗೆ ತೆಗೆದು ಕೊಟ್ಟ. ಮೊದಲ ಕಂತು ಹಾಳು. ಮಳೆಗಾಲದ ತೇವ ಕುಡಿದ ಪ್ಲಾಸ್ಟಿಕ್ ಸುರುಳಿಯಿಂದ ಟ್ಯಾಂಕ್ ತುಂಬ ಕೂದಲು ಕೂದಲು ಬಂತು, ಕಂಬಳಿಹುಳು ಥರ. ಶೂ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಊರೆಲ್ಲ ಬೇಡಿ ತಂದು, ಗಾಳಿಯಾಡದ ಡಬ್ಬದಲ್ಲಿ ಸುರುಳಿಯ ಜೊತೆ ನಾಲ್ಕು ದಿನ ಮುಚ್ಚಿಟ್ಟ ಮೇಲೆ ಎರಡನೇ ಕಂತು ಸುಮಾರಾಗಿ ಬಂತು. 7 ಪಿಟಿ-76, 7 ಚಾಫೀ. 14ಕ್ಕೆ 14 ಇಡಲು ಮೇಜಿನಲ್ಲಿ ಜಾಗ ಇಲ್ಲ, ಅರ್ಧ ಸಾಕು ಎಂದು ತೀರ್ಮಾನ.

ಬಣ್ಣ ಹಾಕುವ ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಅಕ್ಕನ ಮಗ ಸ್ಕೇಲ್ ತಂದ. ಗನ್ ಬಿಟ್ಟು ಪಿಟಿ-76 ಒಡಲಿನ ಉದ್ದ ಹತ್ತಿರ ಹತ್ತಿರ 7 ಸೆಂಟಿಮೀಟರ್. ಚಾಫೀ 5.

"ಮಾಮ, ಯಾವುದೋ ಒಂದು ತಪ್ಪು ಅಳತೆಗೆ ಪ್ರಿಂಟ್ ಆಗಿದೆ. ಪಿಟಿ 14 ಟನ್, ಚಾಫೀ 18. ಕಡಿಮೆ ತೂಕದ್ದು ದೊಡ್ಡದು ಹೇಗೆ ಆಗ್ತದೆ?"

ತಪ್ಪಲ್ಲ. ಪಿಟಿ-76 ತೇಲುವ ಟ್ಯಾಂಕ್. 14 ಟನ್ ತೂಕ ನೀರಲ್ಲಿ ತೇಲಬೇಕಾದರೆ 14 ಘನ ಮೀಟರ್ ನೀರನ್ನು ಜರುಗಿಸಬೇಕು. ಹಾಗಾಗಿ ಹೊಟ್ಟೆ ದೊಡ್ಡದು, ತಗಡು ತೆಳ್ಳಗೆ. ಹಿಂದೆ ಎರಡು ನೀರು ಚಿಮ್ಮುವ ಜೆಟ್, ನೀರಲ್ಲಿ ಗಂಟೆಗೆ 10 ಕಿಲೋಮೀಟರ್ ಹೋಗುತ್ತದೆ. ನಮ್ಮ ಸಿಪಾಯಿಗಳು ಅದಕ್ಕೆ ಪಿಪ್ಪಾ ಎಂದು ಹೆಸರಿಟ್ಟಿದ್ದರು. ಪಿಪ್ಪಾ ಎಂದರೆ ತುಪ್ಪದ ಡಬ್ಬ. ಖಾಲಿ ಡಬ್ಬ ಬಾವಿಯಲ್ಲಿ ತೇಲುವುದನ್ನು ನೋಡಿದವರಿಗೆ ಹೆಸರು ಯಾಕೆ ಬಂತು ಎಂದು ಹೇಳಬೇಕಾಗಿಲ್ಲ.

ಇನ್ನು ಅಂಕಿಗಳಿಗೆ ಬರೋಣ. ಯಾವುದೇ ಟ್ಯಾಂಕ್ ಆಟದಲ್ಲಿ ಕನಿಷ್ಠ ಮೂರು ಅಂಕಿ ಬೇಕು. ಗನ್ ಎಷ್ಟು ಉಕ್ಕು ತೂರುತ್ತದೆ, ಮೈಮೇಲೆ ಎಷ್ಟು ಉಕ್ಕಿದೆ, ಎಷ್ಟು ವೇಗ. ನಾವು 10 ಮಿಲಿಮೀಟರಿಗೆ ಒಂದು ಅಂಕ ಎಂದು ಹಿಡಿದೆವು. ಪಿಟಿ-76ರದ್ದು 76 ಮಿಮೀ ಗನ್, ಚಾಫೀಯದ್ದು 75 ಮಿಮೀ. ತೀರಾ ಹತ್ತಿರದಿಂದ ಎರಡೂ 70 ಮಿಮೀ ಸುತ್ತಮುತ್ತ ತೂರುತ್ತವೆ ಎಂದು ಇಟ್ಟುಕೊಂಡು ಎರಡಕ್ಕೂ 'ನುಗ್ಗು' 7 ಕೊಟ್ಟೆವು. ನಿಯಮ ಸರಳ. ಹೊಡೆದವನು ನುಗ್ಗು ಅಂಕಕ್ಕೆ ಒಂದು ದಾಳ ಸೇರಿಸುತ್ತಾನೆ, ಹೊಡೆಸಿಕೊಂಡವನು ಕವಚದ ಅಂಕಕ್ಕೆ ಒಂದು ದಾಳ. ಹೊಡೆದವನದ್ದು ಜಾಸ್ತಿ ಬಂದರೆ ಗುಂಡು ಒಳಗೆ ಹೋಯಿತು.

ಕವಚದಲ್ಲಿ ದಪ್ಪದ ಜೊತೆ ಓರೆಯನ್ನೂ ನೋಡಬೇಕು. ಅಮ್ಮ ಮೆಟ್ಟುಕತ್ತಿಯಲ್ಲಿ ನುಗ್ಗೆಕಾಯಿ ಹೆಚ್ಚುತ್ತಿದ್ದರು. ನೇರ ಹೆಚ್ಚಿದರೆ ತುಂಡಿನ ಬಾಯಿ ಸಣ್ಣ ಉರುಟು. ಓರೆ ಹೆಚ್ಚಿದರೆ ಅದೇ ನುಗ್ಗೆ, ಕತ್ತಿ ಸಾಗುವ ದಾರಿ ಉದ್ದ. ಗುಂಡಿಗೂ ಹಾಗೇ. ತಗಡು ನೆಟ್ಟಗೆ ನಿಲ್ಲುವ ಬದಲು 60 ಡಿಗ್ರಿ ಹಿಂದಕ್ಕೆ ಮಲಗಿದ್ದರೆ ಗುಂಡು ಎರಡು ಪಟ್ಟು ಉಕ್ಕು ದಾಟಬೇಕು. ದಪ್ಪವನ್ನು ಕೋನದ ಕೊಸೈನ್‌ನಿಂದ ಭಾಗಿಸಿದರೆ ಮುಗಿಯಿತು, ಪಿಯುಸಿ ಲೆಕ್ಕ. ಕಳೆದ ವರ್ಷ ಸುಳ್ಯ, ಸಂಪಾಜೆ ದಾರಿಯಾಗಿ ಮಡಿಕೇರಿಗೆ ಹೋದಾಗ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್'ನ ಮ್ಯೂಸಿಯಂ ಅಂಗಳದಲ್ಲಿ ನಿಲ್ಲಿಸಿರುವ ಟಿ-55 ಟ್ಯಾಂಕನ್ನು ಪಕ್ಕದಿಂದ ನೋಡುತ್ತ ತುಂಬ ಹೊತ್ತು ನಿಂತಿದ್ದೆ. ಮೂಗು ಹೇಗೆ ಮಲಗಿದೆ ನೋಡಿ! 100 ಮಿಮೀ ಉಕ್ಕು, 60 ಡಿಗ್ರಿ ಓರೆ, ಲೆಕ್ಕಕ್ಕೆ 200. ಮನೆಯವರು ಅಷ್ಟರಲ್ಲಿ ಕಾಫಿ ಕುಡಿದು ಬಂದಿದ್ದರು.

ಚಾಫೀಯ ಒಡಲಿನ ಎದುರು ತಗಡು 25 ಮಿಮೀ, 60 ಡಿಗ್ರಿ. ಲೆಕ್ಕಕ್ಕೆ 50. ಅಂಕ 5. ಪಕ್ಕ 25 ಮಿಮೀ, ನೇರ. ಅಂಕ 2.

ಪಿಟಿ-76ರ ಟರೆಟ್, ಅಂದರೆ ಗನ್ ಕೂತಿರುವ ತಿರುಗುವ ಗೋಪುರದ ಮುಂಭಾಗ 20 ಮಿಮೀ, 35 ಡಿಗ್ರಿ. ಲೆಕ್ಕಕ್ಕೆ 24. ಅಂಕ 2. ಪಕ್ಕ 15 ಮಿಮೀ ಆಸುಪಾಸು. ಅಂಕ 1.

ದಾಳದ ಲೆಕ್ಕ ಹಾಕಿದೆ. ಪಿಟಿಯ ಗುಂಡು ಚಾಫೀಯ ಮುಖಕ್ಕೆ ಬಿದ್ದರೆ ಒಳಗೆ ಹೋಗುವುದು 36ರಲ್ಲಿ 26 ಸಲ. ಅಂದರೆ 100ಕ್ಕೆ 72. ಚಾಫೀಯ ಗುಂಡು ಪಿಟಿಯ ಮುಖಕ್ಕೆ ಬಿದ್ದರೆ 36ರಲ್ಲಿ 35. ನೂರಕ್ಕೆ 97. ಡಬ್ಬ ಅಂದರೆ ಡಬ್ಬವೇ.

ಈ ಪಟ್ಟಿ ಹಿಡಿದು ಆರು ಆಟ ಆಡಿದೆವು. ಚಾಫೀ ಐದರಲ್ಲಿ ಗೆದ್ದಿತು.

ನನಗೆ ಸರಿ ಕಾಣಲಿಲ್ಲ. ನಿಜವಾದ ಕಾಳಗದಲ್ಲಿ ಉಲ್ಟಾ ಆಗಿದೆ ಅಲ್ವಾ? ಹಾಗಾದರೆ ಪಟ್ಟಿಯಲ್ಲಿ ಏನೋ ತಪ್ಪಿದೆ. ರಾತ್ರಿ ಮತ್ತೆ ಅಂಕಿಗಳನ್ನು ಕೆದಕಿದೆ. ಪಿಟಿ-76ರ ಒಡಲಿನ ಮೇಲಿನ ತಗಡು ಕಣ್ಣಿಗೆ ಬಿತ್ತು. ದಪ್ಪ 10 ಮಿಮೀ ಅಷ್ಟೇ, ಆದರೆ 80 ಡಿಗ್ರಿ ಓರೆ. ಹೆಚ್ಚುಕಡಿಮೆ ಅಂಗಾತ ಮಲಗಿದೆ. ಕೊಸೈನ್ ಹಾಕಿದರೆ 58 ಬಂತು! ಕವಚ 6! ಚಾಫೀಗಿಂತ ಜಾಸ್ತಿ! ಖುಷಿಯಲ್ಲಿ 2 ಹೊಡೆದುಹಾಕಿ 6 ಬರೆದೆ. ಈಗ ಚಾಫೀಯ ಗುಂಡು ಒಳಗೆ ಹೋಗುವುದು ನೂರಕ್ಕೆ 58 ಸಲ ಮಾತ್ರ. ಮರುದಿನದಿಂದ ಐದು ಆಟ. ನಾಲ್ಕರಲ್ಲಿ ಪಿಟಿ ಗೆದ್ದಿತು. ಇತಿಹಾಸ ಸರಿಹೋಯಿತು ಎಂದು ನಾನು ಚಹಾ ಕುಡಿಯುತ್ತ ಕೂತೆ.

ಹುಡುಗ ಸುಮ್ನೆ ಇರಲಿಲ್ಲ. ಅಂಗಡಿಯಿಂದ ತಂದ ಹಪ್ಪಳದ ಕಟ್ಟಿನಿಂದ ಒಂದು ಹಲಸಿನ ಹಪ್ಪಳ ತೆಗೆದು, ಮೇಜಿನ ಮೇಲೆ ಓರೆಯಾಗಿ ಹಿಡಿದ.

"ಮಾಮ, ಇದು 80 ಡಿಗ್ರಿ. ಈಗ ಕಲ್ಲುಗುಂಡು ಹಾಕ್ಲಾ?"

"ಎಂತಕ್ಕೆ?"

"ಹಪ್ಪಳ ಎಷ್ಟು ಮಲಗಿಸಿ ಹಿಡಿದ್ರೂ ಹಪ್ಪಳವೇ. 75 ಮಿಮೀ ಅಗಲದ ಗುಂಡು 10 ಮಿಮೀ ತಗಡಿಗೆ ಬಡಿದ್ರೆ ಓರೆ ನೋಡ್ತಾ ಕೂರ್ತದಾ? ಒಡ್ದು ಒಳಗೆ ಹೋಗ್ತದೆ. ನಿಮ್ಗೆ ನಮ್ಮ ಟ್ಯಾಂಕ್ ಗೆಲ್ಬೇಕು, ಅದಕ್ಕೆ ಕೊಸೈನ್ ಹುಡುಕಿದ್ದೀರಿ."

ಮಾತು ನೆಟ್ಟಗೆ ತಾಗಿತು. ಕೊಸೈನ್ ಲೆಕ್ಕ ನಡೆಯುವುದು ಗುಂಡಿನ ಅಗಲವೂ ತಗಡಿನ ದಪ್ಪವೂ ಒಂದಕ್ಕೊಂದು ಲೆಕ್ಕಕ್ಕೆ ಸಿಗುವಷ್ಟು ಇದ್ದಾಗ. ಗುಂಡು ತಗಡಿಗಿಂತ ಏಳು ಪಟ್ಟು ದಪ್ಪ ಇದ್ದರೆ ತಗಡು ಬಾಗಿ ಹರಿಯುತ್ತದೆ, ಓರೆಯ ಲಾಭ ಹೆಚ್ಚೇನೂ ಉಳಿಯುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೂ ಅಲ್ಲ. ಗೊತ್ತಿದ್ದೂ ಬರೆದೆ. ಮನೆಯಲ್ಲಿ ಅಂಕಿ ಮಾಡುವವರು ಬೀಳುವ ಗುಂಡಿ ಇದೇ. ಗೆದ್ದವರ ಟ್ಯಾಂಕಿಗೆ ಅಂಕ ಜಾಸ್ತಿ, ಸೋತವರದ್ದಕ್ಕೆ ಕಡಿಮೆ. ಫಲಿತಾಂಶ ನೋಡಿ ಮಾರ್ಕ್ಸ್ ಕೊಟ್ಟಂತೆ. 6 ಹೊಡೆದು ಮತ್ತೆ 2 ಬರೆದೆ. ಪುಸ್ತಕದ ಆ ಹಾಳೆ ಈಗ ನೋಡಲು ಅಸಹ್ಯವಾಗಿದೆ.

ಅದೇ ಹುರುಪಿನಲ್ಲಿ ಇನ್ನೊಂದು ಅಂಕಿಯನ್ನೂ ಕಿತ್ತು ಹಾಕಿದೆ. ಚಾಫೀಗೆ ಎರಡು ಕ್ಯಾಡಿಲಾಕ್ ಪೆಟ್ರೋಲ್ ಇಂಜಿನ್, ಪಿಟಿಗೆ ಡೀಸೆಲ್. ಹಾಗಾಗಿ ಚಾಫೀ ಬೇಗ ಹೊತ್ತಿಕೊಳ್ಳಬೇಕು ಎಂದು ಒಂದು ನಿಯಮ ಇಟ್ಟಿದ್ದೆ. ಕೇಳಲು ಚೆನ್ನಾಗಿದೆ. ಆದರೆ ಎರಡನೇ ಮಹಾಯುದ್ಧದ ಶರ್ಮನ್ ಟ್ಯಾಂಕುಗಳು ಅಷ್ಟು ಬೇಗ ಉರಿಯುತ್ತಿದ್ದದ್ದು ಹೆಚ್ಚಾಗಿ ಒಳಗೆ ಜೋಡಿಸಿಟ್ಟ ಮದ್ದುಗುಂಡಿನಿಂದ. ಗುಂಡುಗಳನ್ನು ತಳಕ್ಕೆ ಇಳಿಸಿ ಸುತ್ತ ನೀರಿನ ಪೆಟ್ಟಿಗೆ ಕೊಟ್ಟ ಮೇಲೆ ಬೆಂಕಿ ತುಂಬ ಕಡಿಮೆಯಾಯಿತು. ಇಂಜಿನ್ ಅದೇ ಪೆಟ್ರೋಲಿನದ್ದು. ಪೆಟ್ರೋಲ್ ನಿಯಮ ಹೋಯಿತು.

ಈಗ ಪಟ್ಟಿ ಪ್ರಾಮಾಣಿಕ, ಆಟ ಸುಳ್ಳು. ಒಂದು ವಾರ ಅಲ್ಲೇ ನಿಂತಿತು. ಆ ವಾರ ಬೇರೆ ಕೆಲಸ ಮಾಡಿದೆ. ನಾಲ್ಕಡಿ ಮೂರಡಿ ಪ್ಲೈವುಡ್ ಹಲಗೆಗೆ ಫೆವಿಕಾಲ್ ಹಚ್ಚಿ, ಸೋಸಿದ ಹೊಯಿಗೆ ಉದುರಿಸಿ, ಹುರಿಹಗ್ಗದ ತುಂಡುಗಳನ್ನು ಅಂಟಿಸಿ ಗದ್ದೆ ಹುಣಿ ಮಾಡಿದೆ. ಮರಕ್ಕೆ ತೆಂಗಿನ ನಾರು. ಗುಡಿಸಲಿಗೆ ಅಡಿಕೆ ಹಾಳೆಯ ತುಂಡು, ಬಾಗಿಸಿದರೆ ಮಾಡು ರೆಡಿ. ಮೂರನೇ ದಿನ ಹಲಗೆಗೆ ಬೂಷ್ಟು ಹಿಡಿಯಿತು. ಒರೆಸಿ, ಇನ್ವರ್ಟರ್ ಹತ್ತಿರ ಬೆಚ್ಚಗಿನ ಜಾಗದಲ್ಲಿ ಒರಗಿಸಿಟ್ಟೆ. ಒಂದು ಮೂಲೆ ಹಸಿರಾಗಿಯೇ ಉಳಿಯಿತು. ಬಂಗಾಳದ ಗದ್ದೆಗೆ ಅದು ಚೆಂದವೇ ಕಾಣುತ್ತದೆ.

ಗದ್ದೆ ಮಾಡುವಾಗ ಒಂದು ನಿಯಮ ತಾನಾಗಿ ಹುಟ್ಟಿತು. ಪಿಟಿ-76 ನೆಲದ ಮೇಲೆ ಹಾಕುವ ಒತ್ತಡ ಚದರ ಸೆಂಟಿಮೀಟರಿಗೆ 0.48 ಕೆಜಿ. 70 ಕೆಜಿಯ ಮನುಷ್ಯ ಗದ್ದೆಯಲ್ಲಿ ಹೆಜ್ಜೆ ಎತ್ತಿ ಒಂದೇ ಕಾಲಿನ ಮೇಲೆ ಇರುವಾಗ ಬೀಳುವುದೂ ಹತ್ತಿರ ಹತ್ತಿರ ಅಷ್ಟೇ. ಚಾಫೀಯದ್ದು 0.8ರ ಹತ್ತಿರ. ಕೆಸರು ಗದ್ದೆಗೆ ನುಗ್ಗಿದರೆ ಪಿಟಿ ಕಂಬಳದ ಕೋಣ. ಚಾಫೀ ದಾಳ ಹಾಕಬೇಕು, 1 ಅಥವಾ 2 ಬಂದರೆ ಹೂತಿತು.

ಬೀಗದ ಕೈ ಸಿಕ್ಕಿದ್ದು ಅಟ್ಟದಲ್ಲಿ. ಆಟಿ ಅಲ್ವಾ, ಗುಳಿಗೆ ಕಾಯಿ ಹಾಕಿ ಆಡುವ ಚೆನ್ನೆಮಣೆಯನ್ನು ಅಮ್ಮ ಇಳಿಸಿದ್ದರು. ಅಜ್ಜಿಯ ಕಾಲದ್ದು, ಹಲಸಿನ ಮರದ್ದು, ಎರಡು ಸಾಲಿನಲ್ಲಿ ಏಳೇಳು ಗುಳಿ. ಜೊತೆಗೆ ಒಂದು ಚೀಲ ಕೆಂಪು ಮಂಜೊಟ್ಟಿ ಕಾಯಿ. ನನಗೆ ಟ್ಯಾಂಕುಗಳ ಪೆಟ್ಟಿನ ಲೆಕ್ಕ ಇಡಲು ಏನಾದರೂ ಬೇಕಿತ್ತು. 7 ಪಿಟಿ, 7 ಚಾಫೀ, 14 ಗುಳಿ. ಇದಕ್ಕಿಂತ ಚೆಂದ ಎಲ್ಲಿ ಸಿಗುತ್ತದೆ? ಚೆನ್ನೆ ಆಟದಂತೆಯೇ ಗುಳಿಗೆ ನಾಲ್ಕು ಕಾಯಿ ಹಾಕಿದೆ. ಪೆಟ್ಟು ಬಿದ್ದಂತೆ ಕಾಯಿ ತೆಗೆಯುವುದು.

ಆ ಹೊತ್ತಿಗೆ ಪಕ್ಕದ ಮನೆಯ ಸುಬೇದಾರ್ರು ಪತ್ರೊಡೆ ಕೊಡಲು ಬಂದಿದ್ದರು. ಸೈನ್ಯದಲ್ಲಿ ಸಿಗ್ನಲ್ಸ್‌ನಲ್ಲಿ ಇದ್ದವರು, ಟ್ಯಾಂಕಿನವರಲ್ಲ. ಮಣೆ ನೋಡಿ ಕೇಳಿದರು.

"ಈ ಕಾಯಿ ಎಂತದು?"

"ಟ್ಯಾಂಕಿನ ಜೀವ."

"ಟ್ಯಾಂಕಿಗೆ ಎಂತ ಜೀವ ಮಾರಾಯ್ರೆ? ಜೀವ ಇರುವುದು ಒಳಗೆ ಕೂತವರಿಗೆ. ಎಷ್ಟು ಜನ ಇದರಲ್ಲಿ?"

ಪಿಟಿ-76ರಲ್ಲಿ ಮೂವರು. ಚಾಲಕ, ಗುಂಡು ತುಂಬುವವ, ಕಮಾಂಡರ್. ಗುರಿ ಇಟ್ಟು ಹೊಡೆಯುವುದೂ ಕಮಾಂಡರನೇ. ಚಾಫೀಯ ವಿನ್ಯಾಸದಲ್ಲಿ ಐವರು. ಚಾಲಕ, ಅವನ ಪಕ್ಕ ಸಹಾಯಕ, ಗುಂಡು ತುಂಬುವವ, ಗನ್ನರ್, ಕಮಾಂಡರ್.

"ಹಾಗಾದ್ರೆ ಇದರಲ್ಲಿ" ಎಂದು ಪಿಟಿ ಕಡೆ ಬೆರಳು ತೋರಿಸಿದರು, "ಗುಂಡು ಹೊಡೆಯುವಾಗ ಹೊರಗೆ ನೋಡುವುದು ಯಾರು?"

ಯಾರೂ ಇಲ್ಲ. ಕಮಾಂಡರನ ಕಣ್ಣು ಗನ್ನಿನ ದುರ್ಬೀನಿಗೆ ಅಂಟಿದ್ದರೆ ಉಳಿದ ಜಗತ್ತಿಗೆ ಆ ಟ್ಯಾಂಕ್ ಕುರುಡು.

ಅಲ್ಲಿಗೆ ಕಾಯಿಗಳನ್ನು ಬದಲಿಸಿದೆ. ಪಿಟಿ ಗುಳಿಗೆ 3, ಚಾಫೀ ಗುಳಿಗೆ 5. ಏಳು ಮೂರಲಿ 21, ಏಳು ಐದಲಿ 35. ಒಟ್ಟು 56. ನಾಲ್ಕು ನಾಲ್ಕರಂತೆ 14 ಗುಳಿಗೆ ಹಾಕಿದ್ದೂ 56! ಒಂದು ಕಾಯಿ ಹೆಚ್ಚಲಿಲ್ಲ, ಒಂದು ಕಡಿಮೆಯಾಗಲಿಲ್ಲ. ಅಮ್ಮನಿಗೆ ಇದನ್ನು ಹೇಳಿದಾಗ "ಚೆನ್ನೆಮಣೆ ಅಲ್ವಾ, ಅದಕ್ಕೆ ಲೆಕ್ಕ ಗೊತ್ತುಂಟು" ಎಂದರು.

ಹೊಸ ನಿಯಮ ಹೀಗೆ. ಒಂದು ಸರದಿ ಎಂದರೆ 10 ಸೆಕೆಂಡ್. ಪಿಟಿ ನಿಮಿಷಕ್ಕೆ 6ರಿಂದ 8 ಗುಂಡು ಹೊಡೆಯಬಲ್ಲದು, ಹಾಗಾಗಿ ಸರದಿಗೆ ಒಂದು ಗುಂಡು. ಒಂದು ಕಾಯಿ ಒಂದು ಸರದಿಯಲ್ಲಿ ಒಂದೇ ಕೆಲಸ ಮಾಡುತ್ತದೆ. ಓಡಿಸುವುದು, ತುಂಬುವುದು, ಹೊಡೆಯುವುದು, ನೋಡುವುದು. ಚಾಫೀಯ ಗನ್ನರ್ ಹೊಡೆಯುವಾಗ ಅದರ ಕಮಾಂಡರ್ ಮುಂದಿನ ಟ್ಯಾಂಕ್ ಹುಡುಕಬಹುದು. ಪಿಟಿಯಲ್ಲಿ ಆಗುವುದಿಲ್ಲ, ಹೊಡಿ ಇಲ್ಲವೇ ನೋಡು. ಗುಂಡು ಒಳಗೆ ಹೋದರೆ ಒಂದು ದಾಳ. 1–2 ಬಂದರೆ ಒಂದು ಕಾಯಿ ಹೋಯಿತು, 3–4 ಬಂದರೆ ಎರಡು, 5–6 ಬಂದರೆ ಗುಳಿ ಖಾಲಿ. ಉಳಿದವರು ಜಾಗ ಬದಲಿಸಿಕೊಳ್ಳಬಹುದು, ಅದಕ್ಕೆ ಒಂದು ಸರದಿ ಹೋಗುತ್ತದೆ. ಮೂರು ಕಾಯಿಯ ಗುಳಿಯಿಂದ ಎರಡು ಹೋದರೆ ಒಬ್ಬ ಉಳಿದ. ಅವನು ಏನು ಮಾಡಿಯಾನು? ಟ್ಯಾಂಕ್ ಹಿಂದಕ್ಕೆ ಓಡಿಸುತ್ತಾನೆ, ಅಷ್ಟೇ.

ಗಮನಿಸಿ, ಈ ನಿಯಮದಿಂದ ಪಿಟಿ ಇನ್ನೂ ದುರ್ಬಲ ಆಯಿತು. ಗೆಲುವು ಮತ್ತಷ್ಟು ದೂರ. ಆದರೆ ಈಗ 'ನೋಡುವುದು' ಎಂಬ ಕೆಲಸಕ್ಕೆ ಬೆಲೆ ಬಂದಿತ್ತು. ಉಳಿದದ್ದು ಮಂಜು.

ಮಂಜಿನಲ್ಲಿ ಎಷ್ಟು ದೂರ ಕಾಣಬೇಕು? ನನ್ನ ಅನುಭವ ಚಾರ್ಮಾಡಿ ಘಾಟಿಯದ್ದು. ಆಗಸ್ಟ್ ಬೆಳಿಗ್ಗೆ ಒಮ್ಮೆ ಕೊಟ್ಟಿಗೆಹಾರದಿಂದ ಇಳಿಯುವಾಗ ರಸ್ತೆ ಬದಿಯ ತಡೆಗಲ್ಲುಗಳಲ್ಲಿ ಮೂರೋ ನಾಲ್ಕೋ ಕಂಡರೆ ಪುಣ್ಯ. ಲಾರಿಯ ಇಂಜಿನ್ ಕೇಳುತ್ತಿತ್ತು. ಮೇಲಿಂದ ಬರುತ್ತಿದೆಯೋ ಕೆಳಗಿಂದಲೋ ಗೊತ್ತಾಗುತ್ತಿರಲಿಲ್ಲ. ಕಾರು ಬದಿಗೆ ಹಾಕಿ, ಇಂಜಿನ್ ಆರಿಸಿ, ಗಾಜು ಇಳಿಸಿದ ಕೂಡಲೇ ಕೆಳಗಿಂದ ಎಂದು ಗೊತ್ತಾಯಿತು. ಆ ಬೆಳಿಗ್ಗೆಯನ್ನು ಹಾಗೇ ಆಟಕ್ಕೆ ತಂದೆ. ಕಾಣುವುದು 50 ಮೀಟರ್. ಕೇಳುವುದು 200 ಮೀಟರ್. ಆದರೆ ನಿಮ್ಮ ಇಂಜಿನ್ ಓಡುತ್ತಿದ್ದರೆ ಏನೂ ಕೇಳುವುದಿಲ್ಲ.

ಇಲ್ಲೊಂದು ತಮಾಷೆ ಆಯಿತು. ಮೊದಲು 1 ಸೆಂಟಿಮೀಟರಿಗೆ 10 ಮೀಟರ್ ಎಂದು ಇಟ್ಟಿದ್ದೆವು. 50 ಮೀಟರ್ ಎಂದರೆ 5 ಸೆಂಟಿಮೀಟರ್. ನಮ್ಮ ಪಿಟಿಯ ಉದ್ದವೇ 7! ಟ್ಯಾಂಕಿನ ಬಾಲದಲ್ಲಿ ನಿಂತವನಿಗೆ ತನ್ನ ಮೂಗು ಕಾಣದಷ್ಟು ಮಂಜು. 1 ಸೆಂಟಿಮೀಟರಿಗೆ 5 ಮೀಟರ್ ಮಾಡಿದ ಮೇಲೆ ಒಪ್ಪವಾಯಿತು. ಕಾಣುವುದು 10 ಸೆಂಟಿಮೀಟರ್, ಕೇಳುವುದು 40. ವೇಗದ ಅಂಕಿಯೂ ಹಾಗೇ ಇಳಿಯಿತು. ರಸ್ತೆಯಲ್ಲಿ ಚಾಫೀ ಗಂಟೆಗೆ 56 ಕಿಲೋಮೀಟರ್, ಪಿಟಿ 44. ಪಟ್ಟಿಯಲ್ಲಿ ಹೊಳೆಯುವ ಅಂಕಿಗಳು, ಮಂಜಿನ ಗದ್ದೆಯಲ್ಲಿ ಕಾಸಿಗೆ ಬಾರದವು. ಗಂಟೆಗೆ 8 ಕಿಲೋಮೀಟರ್ ಹೋದರೆ 10 ಸೆಕೆಂಡಿಗೆ 22 ಮೀಟರ್. ಎರಡಕ್ಕೂ 4 ಸೆಂಟಿಮೀಟರ್ ಬರೆದು ಮುಗಿಸಿದೆ.

ಕಾಣದ ಟ್ಯಾಂಕನ್ನು ಮೇಜಿನ ಮೇಲೆ ಇಟ್ಟರೆ ಎದುರಾಳಿಗೆ ಕಾಣುತ್ತದಲ್ಲ? ಹಾಗಾಗಿ ಸುಬೇದಾರ್ರನ್ನು ನಡುವೆ ಕೂರಿಸಿದೆವು. ಇಬ್ಬರೂ ಚೌಕುಳಿ ಹಾಳೆಯಲ್ಲಿ ಗುಟ್ಟಾಗಿ ಗುರುತು ಹಾಕಿ ಅವರಿಗೆ ಕೊಡುವುದು. 10 ಸೆಂಟಿಮೀಟರ್ ಒಳಗೆ ಬಂದ ಟ್ಯಾಂಕ್ ಮಾತ್ರ ಮೇಜಿಗೆ ಬರುತ್ತದೆ. ಶಬ್ದ ಕೇಳಿದರೆ "ಎಡಗಡೆ, ಮೇಲಿನ ಮೂಲೆ" ಎಂದಷ್ಟೇ ಹೇಳುತ್ತಾರೆ. ಇಂಜಿನ್ ಆರಿಸಿ ಕಾದಿರುವ ಟ್ಯಾಂಕ್ ತನ್ನ ಗನ್ನನ್ನು ಆ ಕಡೆಗೆ ತಿರುಗಿಸಿ ಇಟ್ಟುಕೊಳ್ಳಬಹುದು. ಯಾವನಾದರೂ ಎದುರು ಬಂದರೆ ಮೊದಲ ಗುಂಡು ಕಾದವನದ್ದು, ದಾಳದಲ್ಲಿ 3 ಬಂದರೂ ತಾಗಿತು. ಚಲಿಸುತ್ತ ಹೊಡೆಯುವವನಿಗೆ 5 ಬೇಕು.

ಕಾದಿರುವ ಪಿಟಿಯ ಕಮಾಂಡರನಿಗೆ ಈಗ ನೋಡುವ, ಹೊಡೆಯುವ ಜಗಳವೂ ಇಲ್ಲ. ಎಲ್ಲಿ ನೋಡಬೇಕೋ ಅಲ್ಲೇ ಗನ್ ಇದೆ. ಅವನ ದೊಡ್ಡ ಕೊರತೆ ನಿಂತಲ್ಲೇ ಮಾಯ. ಚಾಫೀಯ ಕವಚ 5 ಮುಖದಲ್ಲಿ ಮಾತ್ರ. ಮಂಜಿನಲ್ಲಿ ಅಡ್ಡಾಡುತ್ತ ಬಂದವನ ಪಕ್ಕ ಸಿಕ್ಕೇ ಸಿಗುತ್ತದೆ, ಅಲ್ಲಿ ಅಂಕ 2.

ಹತ್ತು ಆಟ ಆಡಿದೆವು. ಪಿಟಿ ಕಾದು ಕೂರುತ್ತದೆ, ಚಾಫೀ ಮುನ್ನುಗ್ಗುತ್ತದೆ. ಪಿಟಿಗೆ 7, ಚಾಫೀಗೆ 3.

ಅಕ್ಕನ ಮಗನಿಗೆ ಇನ್ನೂ ಅನುಮಾನ. "ಮತ್ತೆ ಎಲ್ಲೋ ಕೊಸೈನ್ ಅಡಗಿಸಿದ್ದೀರಿ" ಎಂದ. ಸರಿ, ಉಲ್ಟಾ ಆಡುವ. ಚಾಫೀ ಕಾಯಲಿ, ಪಿಟಿ ಬರಲಿ. ಅಂಕಿ ಒಂದೂ ಮುಟ್ಟಲಿಲ್ಲ. ಹತ್ತರಲ್ಲಿ ಚಾಫೀಗೆ 9. ಇಬ್ಬರೂ ಕಣ್ಣುಮುಚ್ಚಿ ಎದುರೆದುರು ನುಗ್ಗುವ ಆಟ ಐದು. ಚಾಫೀಗೆ 4. ಟ್ಯಾಂಕಿಗೆ ಟ್ಯಾಂಕ್ ಹೋಲಿಸಿದರೆ ಚಾಫೀಯೇ ಒಳ್ಳೆಯದು, ನಮ್ಮ ಪಟ್ಟಿ ಅದನ್ನು ಮುಚ್ಚಿಡುವುದಿಲ್ಲ. ಮೊದಲೇ ಬಂದು ಜಾಗ ಹಿಡಿದು ಕಾದದ್ದು ಪಟ್ಟಿಯ ಹೊರಗಿನ ವಿಷಯ. ಅದನ್ನು ಕವಚದ ಕಾಲಮ್ಮಿನಲ್ಲಿ ತುರುಕಲು ನಾನು ಎರಡು ವಾರ ಒದ್ದಾಡಿದ್ದೆ.

ಹುಡುಗ ಆ ರಾತ್ರಿ ಪಟ್ಟಿಯನ್ನು ನೀಟಾಗಿ ನಕಲು ಮಾಡಿ, ಕೆಳಗೆ ಸಹಿಯನ್ನೂ ಹಾಕಿದ, ಆಡಿಟರ್ ಥರ.

ಒಂದು ನಿಯಮದ ಬಗ್ಗೆ ಮಾತ್ರ ನಮ್ಮಲ್ಲಿ ಚರ್ಚೆ ಆಯಿತು. ಕಮಾಂಡರ್ ಮುಚ್ಚಳ ತೆಗೆದು ತಲೆ ಹೊರಗೆ ಹಾಕಿದರೆ ಮಂಜಿನಲ್ಲೂ ಸ್ವಲ್ಪ ಜಾಸ್ತಿ ಕಾಣುತ್ತದೆ, 10ರ ಬದಲು 14 ಸೆಂಟಿಮೀಟರ್. ಆದರೆ ಮೆಷಿನ್ ಗನ್ನಿಗೆ ಸಿಗುತ್ತಾನೆ, ದಾಳದಲ್ಲಿ 1 ಬಂದರೆ ಆ ಕಾಯಿ ಹೋಯಿತು. ಆಟಕ್ಕೆ ಒಳ್ಳೆಯ ನಿಯಮ. ಗರೀಬ್‌ಪುರದಲ್ಲಿ ಸ್ಕ್ವಾಡ್ರನ್ ಕಮಾಂಡರ್ ಮೇಜರ್ ದಲ್ಜಿತ್ ಸಿಂಗ್ ನಾರಂಗ್ ಹಾಗೆಯೇ ತಲೆ ಹೊರಗಿಟ್ಟು ಕಾಳಗ ನಡೆಸುವಾಗ ಗುಂಡು ತಗುಲಿ ತೀರಿಕೊಂಡರು. ಮರಣೋತ್ತರ ಮಹಾವೀರ ಚಕ್ರ ಬಂತು. ಸುಬೇದಾರ್ರು ನಿಯಮ ಓದಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಇರಲಿ, ಆದರೆ ಗುಳಿಗೆ ಹೆಸರು ಬರೆಯಬೇಡಿ" ಎಂದರು. ಬರೆದಿಲ್ಲ. ಗುಳಿಗಳಿಗೆ ನಂಬರ್ ಮಾತ್ರ ಇದೆ.

ಸೋಣ ಸಂಕ್ರಮಣದ ಬೆಳಿಗ್ಗೆ ಅಮ್ಮ ಬಂದು ಮಣೆ ಕೇಳಿದರು. ನಮ್ಮ ಮನೆಯಲ್ಲಿ ಆಟಿ ಮುಗಿದರೆ ಚೆನ್ನೆಮಣೆ ಅಟ್ಟಕ್ಕೆ ಹೋಗಲೇಬೇಕು. ಗುಳಿಯಲ್ಲಿ ಅರ್ಧ ಆಟ ಉಳಿದಿತ್ತು. "ನಾಲ್ಕು ಪಿಟಿ, ಎರಡು ಚಾಫೀ ಬದುಕಿದ್ದಾವೆ, ಸಂಜೆವರೆಗೆ ಇರಲಿ" ಎಂದು ಬೇಡಿಕೊಂಡೆ. ಕಾಯಿಗಳನ್ನು ಸೆರಗಿಗೆ ಸುರಿದುಕೊಂಡು ಹೋದರು.

ಈಗ 30 ಮೊಟ್ಟೆಯ ಟ್ರೇ ಬಳಸುತ್ತಿದ್ದೇವೆ. ಚೆಂದ ಏನಿಲ್ಲ, ಆದರೆ ಗುಳಿ ಜಾಸ್ತಿ. ಪೂರ್ತಿ ಕಾಳಗವನ್ನೇ ಕೂರಿಸಬಹುದು, 14ಕ್ಕೆ 14 ಹಿಡಿದರೆ 28. ಉಳಿದ ಎರಡು ಗುಳಿಗೆ ಟ್ಯಾಂಕ್ ಹೊಡೆಯಲು ಜೀಪಿನ ಮೇಲಿಟ್ಟ 106 ಮಿಮೀ ರಿಕಾಯಿಲ್‌ಲೆಸ್ ಗನ್. ಅದರ ಅಂಕಿ ಇನ್ನೂ ಮಾಡಿಲ್ಲ. ಕಾಯಿ 112 ಬೇಕು, ಅದಕ್ಕೆ ಮೇಲೆ ಜೀಪಿನವರು. ಅಕ್ಕನ ಮಗ ಕಾಲೇಜಿನ ಹತ್ತಿರ ಒಂದು ಮಂಜೊಟ್ಟಿ ಮರ ನೋಡಿಟ್ಟಿದ್ದಾನೆ. ಕಾಯಿ ಬಿರಿಯುವುದಕ್ಕೆ ಬಿಸಿಲು ಬರಬೇಕು. ಅಲ್ಲಿಯವರೆಗೆ ಚಾಫೀಗಳಿಗೆ ಹುಣಸೆ ಬೀಜ ಹಾಕಿ ಆಡುತ್ತಿದ್ದೇವೆ.